ನರೆತ ಮೇಲೆ ಹಿಡಿದ ಕುಂಚ

ತುಮಕೂರಿನ ಅಮಾನಿಕೆರೆಯ ಬಳಿ ಸಂಜೆ ಐದರ ತರುವಾಯ ನಡೆದಾಡುವವರಲ್ಲಿ ಬಹುಮಂದಿ ಪಿಂಚಣಿದಾರರು. ಅವರ ಮಾತುಕತೆಯನ್ನು ಹತ್ತಿರ ಹೋಗಿ ಕೇಳಬೇಕಾದುದಿಲ್ಲ, ದೂರದಿಂದಲೇ ಊಹಿಸಬಹುದು. ರಕ್ತದ ಸಕ್ಕರೆ, ತುಟ್ಟಿಭತ್ಯ, ಮಗನ ವರ್ಗಾವಣೆ, ಮೊಣಕಾಲಿನ ನೋವು. ಇಷ್ಟು ಮುಗಿದ ಮೇಲೆ ಒಂದು ಮೌನ ಬರುತ್ತದೆ. ಆ ಮೌನದಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಹೊತ್ತು ಹೇಗೆ ಕಳೀತೀರಿ, ಸ್ವಾಮಿ?” ಮೂವತ್ತೈದು ವರ್ಷ ಹೊತ್ತು ಸಾಲದೆಂದು ಹಲುಬಿದವರಿಗೆ ಈಗ ಹೊತ್ತನ್ನು ಕಳೆಯುವುದೇ ಒಂದು ಉದ್ಯೋಗ!

ಈ ಪ್ರಶ್ನೆಗೆ ಸಿದ್ಧವಾದ ಉತ್ತರಗಳು ಕೆಲವಿವೆ: ಗೀತಾಪಾರಾಯಣ, ತೀರ್ಥಯಾತ್ರೆ, ಕೈತೋಟ, ಇಸ್ಪೀಟು. ಮುಪ್ಪಿನಲ್ಲಿ ಸಂಗೀತ ಕಲಿಯುವೆನೆಂದರೆ ಜನ ಅದನ್ನು ಭಕ್ತಿಯ ಲೆಕ್ಕಕ್ಕೆ ಹಾಕುತ್ತಾರೆ. ಪದ್ಯ ಬರೆದರೆ ಹೇಗೋ ಸಹಿಸಿಕೊಳ್ಳುತ್ತಾರೆ. ಬಣ್ಣದ ಪೆಟ್ಟಿಗೆಯನ್ನು ಹಿಡಿದರೆ ಮಾತ್ರ ಮೊಮ್ಮಗನ ಸಾಲಿನಲ್ಲಿ ಕೂರಿಸಿಬಿಡುತ್ತಾರೆ. “ಈ ವಯಸ್ಸಿನಲ್ಲಿ ಇದೇನು ಮಕ್ಕಳಾಟ?” ಎಂಬ ಮಾತಿಗೆ ಅಂಜಿ ಕುಂಚವನ್ನು ಮುಟ್ಟದೆಯೇ ಉಳಿದವರು ಎಷ್ಟು ಮಂದಿಯೋ!

ಕನ್ನಡ ಪಾಠ ಹೇಳುವವನಾದ್ದರಿಂದ ಇಲ್ಲಿ ಒಂದು ಮಾತು. ನಮ್ಮ ನುಡಿಯಲ್ಲಿ ಅಕ್ಷರವನ್ನೂ ‘ಬರೆಯು’ತ್ತೇವೆ, ಚಿತ್ರವನ್ನೂ ‘ಬರೆಯು’ತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ. ಮಗು ಸ್ಲೇಟಿನ ಮೇಲೆ ಎರಡನ್ನೂ ಒಟ್ಟಿಗೇ ಆರಂಭಿಸುತ್ತದೆ. ಏಳನೆಯ ತರಗತಿಯೋ ಎಂಟನೆಯದೋ ಬರುವ ಹೊತ್ತಿಗೆ ಒಂದು ಬರವಣಿಗೆ ಪರೀಕ್ಷೆಗೆ ಬೇಕಾಗಿ ಉಳಿಯುತ್ತದೆ; ಇನ್ನೊಂದು ಬಿದ್ದುಹೋಗುತ್ತದೆ. ಆದುದರಿಂದ ನರೆತ ಮೇಲೆ ಕುಂಚ ಹಿಡಿಯುವವರನ್ನು ‘ಹೊಸದಾಗಿ ಕಲಿಯುವವರು’ ಎನ್ನಲು ನನಗೆ ಮನಸ್ಸು ಬಾರದು. ದಾರಿಯಲ್ಲಿ ಎಲ್ಲೋ ಕೆಳಗಿಟ್ಟು ಬಂದದ್ದನ್ನು ಹಿಂತಿರುಗಿ ಹೋಗಿ ಎತ್ತಿಕೊಳ್ಳುವವರು ಅವರು.

ಇದಕ್ಕೆ ನಮ್ಮ ನಾಡಿನ ಅತ್ಯುತ್ತಮ ನಿದರ್ಶನವೆಂದರೆ ರುಮಾಲೆ ಚನ್ನಬಸವಯ್ಯನವರು. ನಮ್ಮ ಜಿಲ್ಲೆಯ ಎಲ್ಲೆಯಿಂದ ಬಹು ದೂರವೇನೂ ಅಲ್ಲದ ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಹುಟ್ಟಿದವರು. ಬೆಂಗಳೂರಿನಲ್ಲಿ ಅ. ನ. ಸುಬ್ಬರಾಯರು ನಡೆಸುತ್ತಿದ್ದ ಕಲಾಮಂದಿರದಲ್ಲಿಯೂ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿಯೂ ಚಿತ್ರಕಲೆಯನ್ನು ಅಭ್ಯಾಸ ಮಾಡಿದರು. ಅಷ್ಟರಲ್ಲಿ ಸ್ವಾತಂತ್ರ್ಯದ ಕರೆ ಬಂದಿತು. ಕುಂಚವನ್ನು ಕೆಳಗಿಟ್ಟು ಚಳವಳಿಗೆ ಇಳಿದರು, ಸೆರೆಮನೆ ಕಂಡರು, ಸೇವಾದಳದ ಕೆಲಸದಲ್ಲಿ ಊರೂರು ಸುತ್ತಿದರು. ಸ್ವಾತಂತ್ರ್ಯ ಬಂದ ಮೇಲೂ ಬಿಡುವಾಗಲಿಲ್ಲ. ಶಾಸನಸಭೆಯ ಕೆಲಸ, ‘ತಾಯಿನಾಡು’ ಪತ್ರಿಕೆಯ ಸಂಪಾದಕತ್ವ. ಇಪ್ಪತ್ತಕ್ಕೂ ಮಿಕ್ಕ ವರ್ಷಗಳು ಹೀಗೆಯೇ ಸಂದವು. 1962ರಲ್ಲಿ, ಐವತ್ತೆರಡರ ಹೊಸ್ತಿಲಲ್ಲಿ, ಅವರು ಮತ್ತೆ ಬಣ್ಣವನ್ನು ಕಲಸಿದರು. ಆ ವಯಸ್ಸಿನಲ್ಲಿ ರಾಜಕಾರಣದವರಿಗೆ ಪದವಿಗಳು ದೊರಕಲು ಶುರುವಾಗುತ್ತವೆ ಎಂಬುದನ್ನು ನೆನೆದರೆ ಈ ನಿರ್ಧಾರದ ಬೆಲೆ ತಿಳಿದೀತು. ಅಲ್ಲಿಂದ ಮುಂದೆ 1988ರಲ್ಲಿ ತೀರಿಕೊಳ್ಳುವವರೆಗೆ ಅವರದು ಚಿತ್ರವೇ ಬದುಕು. ಹವ್ಯಾಸವೆಂಬ ಮಾತು ಅವರ ಮಟ್ಟಿಗೆ ಚಿಕ್ಕದಾಯಿತು.

ಅವರು ಬರೆದುದಾದರೂ ಏನನ್ನು? ಸೆರೆಮನೆಯನ್ನಲ್ಲ, ಮೆರವಣಿಗೆಯನ್ನಲ್ಲ. ಬೆಂಗಳೂರಿನ ಹೂಮರಗಳನ್ನು. ಬೇಸಗೆ ಬಂತೆಂದರೆ ಬೆಂಕಿಯಂತೆ ಹೊತ್ತಿಕೊಳ್ಳುವ ಗುಲ್‌ಮೊಹರ್, ನೆಲಕ್ಕೆ ನೇರಳೆಯ ಜಮಖಾನ ಹಾಸುವ ಜಕರಂದ, ಎಲೆಯನ್ನೆಲ್ಲ ಉದುರಿಸಿ ಬರಿಯ ಹೂವಾಗಿ ನಿಲ್ಲುವ ತಬೆಬುಯ. ಒಂದು ಮಡಗಾಸ್ಕರಿನಿಂದ ಬಂದ ಮರ, ಉಳಿದೆರಡು ದಕ್ಷಿಣ ಅಮೆರಿಕದವು. 1908ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗನ್ನು ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್ ಮಹಾಶಯನು ಒಂದು ಜಾತಿಯ ಹೂ ಮುಗಿದೊಡನೆ ಇನ್ನೊಂದು ಜಾತಿ ಅರಳುವಂತೆ ಬೀದಿಗಳಲ್ಲಿ ಮರ ಹಾಕಿಸಿದನೆಂದು ಹೇಳುತ್ತಾರೆ. ರುಮಾಲೆಯವರ ಪಟಗಳಲ್ಲಿ ಈ ಮರಗಳ ಹೂವು ಕೆಂಪು ಹಳದಿಯ ದಪ್ಪ ದಪ್ಪ ತುಣುಕುಗಳಾಗಿ ಮೈಮೇಲೆ ಬೀಳುವಂತೆ ಕಾಣುತ್ತದೆ. ಈ ಚಿತ್ರಗಳನ್ನು ನೋಡುವಾಗ ನನಗೆ ತೋರುವುದಿಷ್ಟು. ಚಳವಳಿಗೆಂದೂ ಪತ್ರಿಕೆಗೆಂದೂ ಅದೇ ಮರಗಳ ಕೆಳಗೆ ಅವರು ಎಷ್ಟು ಸಾವಿರ ಬಾರಿ ನಡೆದಿದ್ದಾರೋ! ಕೈ ಕೆಲಸ ಬಿಟ್ಟಿತ್ತು, ಕಣ್ಣು ಬಿಟ್ಟಿರಲಿಲ್ಲ. ಇಪ್ಪತ್ತರ ಹರೆಯದಲ್ಲೇ ಅವರು ಈ ಮರಗಳನ್ನು ಬರೆದಿದ್ದರೆ ಚಿತ್ರ ಚೊಕ್ಕವಾಗಿಯೇ ಬರುತ್ತಿತ್ತೇನೋ; ಇಷ್ಟು ಹಸಿವಿನಿಂದ ನೋಡಿದಂತೆ ಇರುತ್ತಿರಲಿಲ್ಲ.

ರಾಜಕಾರಣದಿಂದ ಬಣ್ಣಕ್ಕೆ ಬಂದ ಮತ್ತೊಬ್ಬನ ಕಥೆಯೂ ಸ್ವಾರಸ್ಯವಾಗಿದೆ. ನಮ್ಮ ಸ್ವಾತಂತ್ರ್ಯಕ್ಕೆ ಅಡ್ಡ ನಿಂತ ವಿನ್‌ಸ್ಟನ್ ಚರ್ಚಿಲ್ಲನನ್ನು ಹೊಗಳಬೇಕಾದ ಅಗತ್ಯ ನಮಗಿಲ್ಲ. ಆದರೆ ಚಿತ್ರದ ವಿಷಯದಲ್ಲಿ ಅವನ ಅನುಭವ ಕೇಳತಕ್ಕದ್ದೇ. 1915ರಲ್ಲಿ ದಾರ್ದನೆಲ್ಸ್ ಕಾಳಗದ ಸೋಲಿನಿಂದ ನೌಕಾಖಾತೆ ಕೈಬಿಟ್ಟಾಗ ಅವನಿಗೆ ನಲವತ್ತು. ಮನಸ್ಸಿನ ಬೇಗೆಯನ್ನು ಆರಿಸಿಕೊಳ್ಳಲು ಬಣ್ಣ ತರಿಸಿದ. ಬಿಳಿಯ ಕ್ಯಾನ್ವಾಸಿನ ಮುಂದೆ ನಿಂತವನಿಗೆ ಕೈಯೇ ಏಳದು. ಬಲು ಚಿಕ್ಕ ಕುಂಚದಿಂದ ಅವರೆಕಾಳಿನಷ್ಟು ನೀಲಿಯನ್ನು ಇಟ್ಟು ನೋಡುತ್ತ ನಿಂತ. ಆ ವೇಳೆಗೆ ಚಿತ್ರಗಾರ ಜಾನ್ ಲೇವರಿಯ ಹೆಂಡತಿ ಹೇಜಲ್ ಕಾರಿನಲ್ಲಿ ಬಂದಿಳಿದಳು. ಅವನ ಕೈಯಿಂದ ದೊಡ್ಡ ಕುಂಚವನ್ನು ಕಿತ್ತುಕೊಂಡು ಬಣ್ಣದಲ್ಲಿ ಅದ್ದಿ ಕ್ಯಾನ್ವಾಸಿನ ಮೇಲೆ ನಾಲ್ಕು ಬಾರಿ ಬಾರಿಸಿದಳು. ಕ್ಯಾನ್ವಾಸು ತಿರುಗಿ ಹೊಡೆಯಲಿಲ್ಲ! ಅಲ್ಲಿಗೆ ಅವನ ಭಯ ಹೋಯಿತು. ಮುಂದೆ ಇದನ್ನೆಲ್ಲ ಅವನೇ ಬರೆದು, ಆ ಬರಹ 1948ರಲ್ಲಿ ಪುಸ್ತಕವಾಗಿಯೂ ಬಂದಿತು.

ನಮ್ಮ ರವೀಂದ್ರರು ಈ ಬಿಳಿಯ ಹಾಳೆಯ ಭಯವನ್ನು ಬೇರೆ ಬಗೆಯಲ್ಲಿ ದಾಟಿದರು. ಅವರು ಬಿಳಿಯ ಹಾಳೆಯಿಂದ ಆರಂಭಿಸಲೇ ಇಲ್ಲ. ಕವನದ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಜೋಡಿಸಿ ಹಕ್ಕಿಯನ್ನೋ ಮೃಗವನ್ನೋ ಮಾಡುತ್ತ ಹೋದರು. 1924ರ ಸುಮಾರಿನ ‘ಪೂರವಿ’ಯ ಹಸ್ತಪ್ರತಿಯಲ್ಲಿ ಇದು ಎದ್ದು ಕಾಣುತ್ತದೆ. ಆಗ ಅವರಿಗೆ ಅರವತ್ತು ದಾಟಿತ್ತು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನ ನಡೆಯಿತು. ಒಟ್ಟು ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳು, ಗುರುವಿನ ಬಳಿ ಕ್ರಮವಾಗಿ ಕಲಿತದ್ದಿಲ್ಲ!

“ಇವರೆಲ್ಲ ದೊಡ್ಡವರು, ನಮ್ಮ ಮನೆಯ ಮಾತು ಹೇಳಿ” ಎಂದು ವಾಚಕರು ಕೇಳಬಹುದು. ಕೇಳಬೇಕಾದುದೇ. ನಮ್ಮ ಮನೆಗಳಲ್ಲಿ ಮುಂಜಾನೆ ಎದ್ದು ಚಿತ್ರ ಬರೆಯುವವರು ಯಾರು? ಗಂಡಸರಂತೂ ಅಲ್ಲ. ಬಾಗಿಲಿಗೆ ನೀರು ಹಾಕಿ, ಸಾರಿಸಿ, ಚುಕ್ಕಿಯಿಟ್ಟು, ಎಳೆ ಎಳೆದು, ಹಬ್ಬವಾದರೆ ಕೆಮ್ಮಣ್ಣಿನ ಅಂಚು ಕಟ್ಟುವವರು ಹೆಂಗಸರು. ಹದಿನೈದರಿಂದ ಎಂಟರ ಚುಕ್ಕಿಯನ್ನು ಅಳತೆಗೋಲಿಲ್ಲದೆ ಇಟ್ಟು, ಎಲ್ಲಿಯೂ ಎಳೆ ತುಂಡಾಗದಂತೆ ಸುತ್ತಿಸಿ ತಂದು ಮೊದಲ ಚುಕ್ಕಿಗೇ ಸೇರಿಸುವುದೆಂದರೇನು? ನಲವತ್ತು ವರ್ಷ ಅದನ್ನು ಮಾಡಿದ ಕೈಗೆ ಚಿತ್ರ ಬಾರದೆಂದು ಹೇಳಲು ನಾವು ಯಾರು? ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಗೋಡೆಯನ್ನು ಹದಗೊಳಿಸುವುದು, ಕುಂಚ ಕಟ್ಟುವುದು, ಬಣ್ಣ ಬೆರೆಸುವುದು ಎಲ್ಲವನ್ನೂ ಹೇಳಿ, ಚಿತ್ರದ ಬಗೆಗಳನ್ನು ಎಣಿಸುವಾಗ ‘ಧೂಳಿಚಿತ್ರ’ವನ್ನೂ ಸೇರಿಸಿದ್ದಾನೆ. ಪುಡಿಯಿಂದ ಬರೆದ ಚಿತ್ರ, ನಮ್ಮ ರಂಗೋಲಿ. ದೊರೆ ಒಪ್ಪಿದುದನ್ನು ಮನೆಯವರು ಒಪ್ಪುವುದಕ್ಕೆ ಇಷ್ಟು ತಡವಾಯಿತು.

ಕುಣಿಗಲಿನಲ್ಲಿ ನನ್ನ ದೊಡ್ಡಮ್ಮನವರಿದ್ದಾರೆ. ಅವರ ಮನೆಯ ಮುಂದಿನ ರಂಗೋಲಿಯನ್ನು ಆ ಬೀದಿಯ ಹೆಣ್ಣುಮಕ್ಕಳು ನೋಡಿ ಕಲಿಯುತ್ತಿದ್ದರು. ದೊಡ್ಡಪ್ಪನವರು ತೀರಿಕೊಂಡ ಮರುದಿನದಿಂದ ಅದು ನಿಂತಿತು. ಕೆಲವು ಮನೆತನಗಳಲ್ಲಿ ಈ ಪದ್ಧತಿಯುಂಟು; ಗಂಡನಿಲ್ಲದವಳು ಬಾಗಿಲಿಗೆ ರಂಗೋಲಿ ಇಡಬಾರದೆಂದು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅವರೂ ಕೇಳಲಿಲ್ಲ. ರಂಗೋಲಿಯ ಬಟ್ಟಲು ಸೊಸೆಯ ಕೈಗೆ ಹೋಯಿತು, ಅಷ್ಟೆ. ನಲವತ್ತೆಂಟು ವರ್ಷ ಒಂದು ದಿನವೂ ತಪ್ಪದ ಕೈ, ಅರವತ್ತಾರನೆಯ ವಯಸ್ಸಿನಲ್ಲಿ ಮಡಿಲಲ್ಲಿ ಸುಮ್ಮನೆ ಕುಳಿತಿತು. ಈ ಪದ್ಧತಿಯ ಬಗೆಗೆ ನನ್ನ ಅಭಿಪ್ರಾಯವನ್ನು ಹೇಳಬೇಕಾದುದಿಲ್ಲ. ವಾಚಕರಿಗೆ ತಿಳಿದೇ ಇದೆ.

ಒಂದೆರಡು ವರ್ಷ ಕಳೆದ ಮೇಲೆ ನಾನು ಒಮ್ಮೆ ಹೋದಾಗ ದೊಡ್ಡಮ್ಮ ನಡುಮನೆಯಲ್ಲಿ ಮೊಮ್ಮಗಳ ಡ್ರಾಯಿಂಗ್ ಪುಸ್ತಕವನ್ನು ನೆಲದ ಮೇಲೆ ಹಾಸಿಕೊಂಡು ಬಾಗಿ ಕುಳಿತಿದ್ದರು.

“ಏನ್ ದೊಡ್ಡಮ್ಮಾ ಇದು?” ಎಂದೆ.

“ಏನಿಲ್ಲ ಕಣಪ್ಪಾ, ಮಗೂದು ಬಣ್ಣ ಒಣಗೋಗ್ತಿತ್ತು” ಎಂದರು, ತಲೆಯೆತ್ತದೆ.

ಹಾಳೆಯ ತುಂಬ ಪೆನ್ಸಿಲಿನ ಚುಕ್ಕಿಗಳು. ಚುಕ್ಕಿಗಳ ನಡುವೆ ಕುಣಿಗಲ್ ಕೆರೆ. ಅಲೆಗಳೆಲ್ಲ ರಂಗೋಲಿಯ ಎಳೆಗಳಂತೆ ಒಂದರೊಳಗೊಂದು ಹೊಕ್ಕು ಹೊರಬಂದಿದ್ದುವು. ಏರಿಯ ಮೇಲೆ ಕುದುರೆಗಳು. ಟಿಪ್ಪುವಿನ ಕಾಲದಿಂದ ಕುಣಿಗಲಿಗೆ ಕುದುರೆಯ ಹೆಸರಿದೆಯಲ್ಲ! ಆದರೆ ದೊಡ್ಡಮ್ಮನ ಕುದುರೆಗಳ ಕಾಲು ತೇರಿನ ಮುಂದೆ ಕಟ್ಟುವ ಮರದ ಕುದುರೆಯ ಕಾಲಿನಂತೆ ಮಡಿಚಿಕೊಂಡಿದ್ದುವು. ಹತ್ತಿರದಿಂದ ನೋಡಿದ್ದು ಅವನ್ನೇ ಎಂದರು.

ಮೊದಮೊದಲು ಮನೆಯಲ್ಲಿ ಎಲ್ಲರೂ ನಕ್ಕರು. ನಂಟರು ಬರುವ ಸೂಚನೆಯಿದ್ದರೆ ಅಣ್ಣ ಆ ಪುಸ್ತಕವನ್ನು ಬೀರುವಿನ ಮೇಲಕ್ಕೆ ಎತ್ತಿಡುತ್ತಿದ್ದ. ಅವನು ಕೆಟ್ಟವನಲ್ಲ, ತಾಯಿಗೆ ಅರಳುಮರಳು ಎಂದು ಯಾರಾದರೂ ಆಡಿಕೊಂಡಾರೆಂಬ ಅಂಜಿಕೆ. ನಂಟರು ಹೋದ ಮೇಲೆ ದೊಡ್ಡಮ್ಮ ಸ್ಟೂಲು ಹತ್ತಿ ಪುಸ್ತಕವನ್ನು ಇಳಿಸಿಕೊಳ್ಳುತ್ತಿದ್ದರು. ಒಂದು ದಿನ ಸ್ಟೂಲು ಜಾರಿತು. ಪೆಟ್ಟು ಬೀಳಲಿಲ್ಲ. ಆದರೆ ಅಂದಿನಿಂದ ಪುಸ್ತಕ ಮೇಲಕ್ಕೆ ಹೋಗಿಲ್ಲ. ಈಗ ಅದಕ್ಕೆ ಟೀಪಾಯಿಯ ಮೇಲೇ ಜಾಗ.

ಅಮೆರಿಕದಲ್ಲಿ ‘ಮೋಸೆಸ್ ಅಜ್ಜಿ’ ಎಂದು ಹೆಸರಾದ ಹೆಂಗಸಿನ ಕಥೆಯೂ ಹೀಗೆಯೇ. 1860ರಲ್ಲಿ ಹುಟ್ಟಿ ಹೊಲಮನೆಯ ದುಡಿಮೆಯಲ್ಲಿ ಬಾಳಿದವಳು. ಕಸೂತಿ ಹಾಕುತ್ತಿದ್ದಳು; ಕೀಲುನೋವಿನಿಂದ ಸೂಜಿ ಹಿಡಿಯುವುದು ಕಷ್ಟವಾದಾಗ, ಎಪ್ಪತ್ತೈದು ದಾಟಿದ ಮೇಲೆ ಕುಂಚ ಹಿಡಿದಳು. 1938ರಲ್ಲಿ ಒಂದು ಔಷಧದಂಗಡಿಯ ಕಿಟಕಿಯಲ್ಲಿ ಇಟ್ಟಿದ್ದ ಅವಳ ಚಿತ್ರಗಳು ದಾರಿಹೋಕ ರಸಿಕನೊಬ್ಬನ ಕಣ್ಣಿಗೆ ಬಿದ್ದುವು. ಎರಡು ವರ್ಷದಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನ. ನೂರ ಒಂದು ವರ್ಷ ಬದುಕಿ 1961ರಲ್ಲಿ ತೀರಿಕೊಂಡಳು. ಸೂಜಿ ಹಿಡಿಯಲಾರದ ಕೈ ಕುಂಚ ಹಿಡಿಯಬಲ್ಲದು ಎಂಬುದನ್ನು ಗಮನಿಸಬೇಕು. ಕುಂಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡರೆ ಇನ್ನೂ ಸುಲಭ. ಕೈ ನಡುಗುವವರು ದೊಡ್ಡ ಕುಂಚ ಹಿಡಿದು ಮಣಿಕಟ್ಟಿನಿಂದಲ್ಲ, ಭುಜದಿಂದ ಎಳೆಯಬೇಕು. ರಂಗೋಲಿ ಎಳೆಯುವುದೂ ಹಾಗೆಯೇ.

ಕೈಗಿಂತ ಕಣ್ಣಿನ ವಿಚಾರ ಹೆಚ್ಚು ಸೂಕ್ಷ್ಮ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ. ಹಳದಿ ಗಾಜಿನ ಹಿಂದೆ ಕುಳಿತು ನೋಡಿದಂತೆ ನೀಲಿ ಮಂಕಾಗುತ್ತದೆ. ಪಾಪೆಯೂ ಚಿಕ್ಕದಾಗಿ ಒಳಗೆ ಹೋಗುವ ಬೆಳಕು ತಗ್ಗುತ್ತದೆ. ಇದು ಮೆಲ್ಲಮೆಲ್ಲನೆ ಆಗುವುದರಿಂದ ನಮಗೇ ತಿಳಿಯದು. ಫ್ರಾನ್ಸಿನ ಮೊನೆಗೆ 1912ರಲ್ಲಿ ಕಣ್ಣಿನ ಪೊರೆ ಇದೆಯೆಂದು ಗೊತ್ತಾಯಿತು. ಆಮೇಲೆ ಬಣ್ಣದ ಟ್ಯೂಬಿನ ಮೇಲಿನ ಹೆಸರನ್ನು ನಂಬಿ ಕೆಲಸ ಮಾಡಬೇಕಾಯಿತು. ಚಿತ್ರಗಳು ಕೆಂಪು ಕಂದಿಗೆ ಹೊರಳಿದುವು. 1923ರಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ನೀಲಿ ಎಲ್ಲೆಲ್ಲಿಯೂ ತುಂಬಿಕೊಂಡಂತೆ ಕಂಡು ಅವನು ಪೇಚಾಡಿದ.

ಕುಣಿಗಲಿನಲ್ಲಿಯೂ ಇದೇ ನಡೆಯಿತು! ದೊಡ್ಡಮ್ಮನವರು ನನ್ನಿಂದ ಪದೇ ಪದೇ ತರಿಸುತ್ತಿದ್ದುದು ನೀಲಿಯ ಟ್ಯೂಬನ್ನೇ. ಅವರು ಬರೆಯುತ್ತಿದ್ದುದು ನೆನಪಿನಿಂದ. ನೆನಪಿನಲ್ಲಿದ್ದ ಕೆರೆಯ ನೀಲಿ ಹಾಳೆಯ ಮೇಲೆ ಸಿಕ್ಕದೆ ಮತ್ತೆ ಮತ್ತೆ ಬಳಿಯುತ್ತಿದ್ದರು. ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು ಬಂದು, ಹಳೆಯ ಹಾಳೆಗಳನ್ನು ತಿರುವಿ ನೋಡಿ, “ಅಯ್ಯೋ, ಇಷ್ಟೊಂದು ನೀಲಿ ಯಾರು ಬಳಿದದ್ದು?” ಎಂದು ಕೇಳಿದರಂತೆ. ಅರವತ್ತರ ಮೇಲೆ ಬಣ್ಣ ಹಿಡಿಯುವವರು ಮೊದಲು ಕಣ್ಣು ತೋರಿಸಿಕೊಳ್ಳುವುದು ಒಳ್ಳೆಯದು. ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ ಕೂರುವುದು ಅದಕ್ಕಿಂತ ಒಳ್ಳೆಯದು.

ಸಾಮಗ್ರಿಯ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಜಲವರ್ಣವಾದರೆ ಒಂದು ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ ಬೇಕು, ತೆಳುವಾದುದು ನೀರಿಗೆ ಸುಕ್ಕುಗಟ್ಟುತ್ತದೆ. ಅದರಲ್ಲಿ ಬಿಳಿಯೆಂದರೆ ಬಳಿಯದೆ ಬಿಟ್ಟ ಕಾಗದವೇ. ತಪ್ಪಿದರೆ ತಿದ್ದುವುದು ಕಷ್ಟ. ತಿದ್ದುವ ಅಭ್ಯಾಸವುಳ್ಳವರಿಗೆ, ಎಂದರೆ ನಮ್ಮ ಮೇಷ್ಟ್ರುಗಳಿಗೆ, ಅಕ್ರಿಲಿಕ್ ಬಣ್ಣ ಲೇಸು: ಬೇಗ ಒಣಗುತ್ತದೆ, ಮೇಲೆ ಮತ್ತೆ ಬಳಿಯಬಹುದು. ತೈಲವರ್ಣ ನಿಧಾನವಾಗಿ ಒಣಗುತ್ತದೆ. ಟರ್ಪೆಂಟೈನಿನ ವಾಸನೆ ಉಬ್ಬಸದವರಿಗೆ ಆಗದು. ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ ಮೊದಲಾದ ವಿಷವಸ್ತುಗಳಿರುತ್ತವೆ. ಕುಂಚವನ್ನು ಬಾಯಲ್ಲಿಟ್ಟು ಚೂಪು ಮಾಡಬಾರದು, ಕಾಫಿಯ ಲೋಟದಲ್ಲಿ ತೊಳೆಯಬಾರದು. ಮೊಬೈಲಿನಲ್ಲಿ ತೆಗೆದ ಫೋಟೋ ನೋಡಿ ಬರೆಯುವುದು ಇತ್ತೀಚೆಗೆ ಹೆಚ್ಚಾಗಿದೆ. ನನಗದು ಹಿಡಿಸದು. ಅಂಗೈಯಗಲದ ಪರದೆಯಲ್ಲಿ ಬೆಟ್ಟ ತನ್ನ ತೂಕವನ್ನು ಕಳೆದುಕೊಂಡಿರುತ್ತದೆ.

ನಿಜವಾದ ಬೆಟ್ಟವೇ ಇರುವಾಗ ಫೋಟೋ ಏಕೆ? ದೇವರಾಯನದುರ್ಗ ತುಮಕೂರಿಗೆ ಮೂಡಲ ದಿಕ್ಕಿನಲ್ಲಿದೆ. ಬೆಳಗ್ಗೆ ಸೂರ್ಯ ಬೆಟ್ಟದ ಹಿಂದೆ. ಬೂದು ನೀಲಿಯ ಒಂದೇ ಮುದ್ದೆಯಾಗಿ ಕಾಣುತ್ತದೆ. ಆರಂಭದವರಿಗೆ ಅದೇ ಸುಲಭ. ಸಂಜೆ ಪಡುವಣ ಬಿಸಿಲು ನೇರವಾಗಿ ಬಿದ್ದಾಗ ಬಂಡೆಗಳ ಸೀಳು, ಕುರುಚಲು ಗಿಡ ಎಲ್ಲ ಎದ್ದುಬಂದು ಕೈಗೆ ಸಿಕ್ಕದೆ ಕಾಡುತ್ತವೆ. ಕುಣಿಗಲ್ ರಸ್ತೆಯಲ್ಲಿ ಗೂಳೂರಿನ ಬಳಿ ಕೈದಾಳವಿದೆ. 1150ರ ಸುಮಾರಿನ ಚನ್ನಕೇಶವ ದೇವಾಲಯ. ನೆರಳು ಧಾರಾಳ, ಗದ್ದಲ ಕಡಿಮೆ. ಬೇಲೂರಿನಲ್ಲಿ ಮಗನೆದುರು ಸೋತು ಬಲಗೈಯನ್ನು ಕತ್ತರಿಸಿಕೊಂಡ ಜಕಣಾಚಾರಿ ಮುಪ್ಪಿನಲ್ಲಿ ಹುಟ್ಟೂರಿಗೆ ಮರಳಿ ಈ ಗುಡಿಯನ್ನು ಕಟ್ಟಿ ಕೈಯನ್ನು ಮರಳಿ ಪಡೆದನೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ಜಕಣಾಚಾರಿಯ ಹೆಸರು ಶಾಸನಗಳಲ್ಲಿ ದೊರೆಯುವುದಿಲ್ಲವೆಂದು ತರಗತಿಯಲ್ಲಿ ಹೇಳಬೇಕಾದವನು ನಾನು. ಆದರೂ ಆ ಗುಡಿಯ ಜಗಲಿಯ ಮೇಲೆ ಪಿಂಚಣಿದಾರರೊಬ್ಬರು ಹಾಳೆ ಹರಡಿ ಕುಳಿತಿದ್ದರೆ ಈ ಮಾತನ್ನು ಎತ್ತಲಾರೆ.

ಗುಬ್ಬಿಯಲ್ಲಿ ನನಗೆ ಪರಿಚಯದ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ನಾಲ್ಕು ಬಾರಿ ಕುಂಚ ಆಡಿಸಿದರೆಂದರೆ ಎದ್ದು ಹತ್ತು ಹೆಜ್ಜೆ ಹಿಂದಕ್ಕೆ ಹೋಗಿ ನಿಲ್ಲುತ್ತಾರೆ. ಅಂಗಳ ಮುಗಿದು ಬೀದಿಗೂ ಹೋಗುವುದುಂಟು. ಇದನ್ನೆಲ್ಲಿ ಕಲಿತಿರೆಂದು ಕೇಳಿದೆ.

“ಕಂಪನಿ ಪರದೇಲಿ, ಮೇಷ್ಟ್ರೇ” ಎಂದರು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ ವೀರಣ್ಣನವರ ಕಾಲದಲ್ಲಿ ನಾಡಿನಲ್ಲೆಲ್ಲ ಹೆಸರಾದ ನಾಟಕ ಕಂಪನಿಯ ಪರದೆಗಳು! ದರ್ಬಾರು, ಬೀದಿ, ಕಾಡು, ಅಂತಃಪುರ. ಹುಡುಗನಾಗಿದ್ದಾಗ ನಾಟಕ ಮುಗಿದ ಮೇಲೆ ಇವರು ಹೇಗೋ ರಂಗದ ಹತ್ತಿರಕ್ಕೆ ನುಸುಳಿದ್ದರಂತೆ. “ದೂರಕ್ಕೆ ಸಾಲುಸಾಲು ಕಂಬ, ಒಳಗೆ ನಡ್ಕೊಂಡು ಹೋಗ್ಬೋದು ಅನ್ನಿಸ್ತಿತ್ತು. ಹತ್ರ ಹೋಗಿ ನೋಡಿದ್ರೆ ಏನಿದೆ? ಬರೀ ಪೊರಕೇಲಿ ಬಳಿದ ಹಾಗೆ ಬಣ್ಣ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ.” ಅಂದು ನಿದ್ದೆಗೆಡಿಸಿದುದನ್ನು ಕೈಯಾರೆ ಮಾಡಿ ನೋಡಲು ಅವರಿಗೆ ಬಿಡುವು ದೊರೆತದ್ದು ಅರವತ್ತೆರಡರಲ್ಲಿ. ಅವರು ಬರೆಯುವುದು ಬಹುಪಾಲು ಕಂಬಸಾಲುಗಳನ್ನೇ. ತೆಂಗಿನ ತೋಟ ಬರೆದರೂ ಮರಗಳು ದರ್ಬಾರಿನ ಕಂಬಗಳಂತೆ ಹಿಂದೆ ಹಿಂದಕ್ಕೆ ಸರಿಯುತ್ತ ಚಿಕ್ಕದಾಗುತ್ತವೆ. ಕೊನೆಯ ಮರದ ಆಚೆ ಒಂದಿಷ್ಟು ಬೆಳಕನ್ನು ಬಿಟ್ಟಿರುತ್ತಾರೆ.

ಬರೆದುದನ್ನೆಲ್ಲ ಎಲ್ಲಿಡುವುದೆಂಬ ತಾಪತ್ರಯ ಇಬ್ಬರಿಗೂ ಇದೆ. ಗೋಡೆ ಒಂದು ಮಿತಿಯವರೆಗೆ ಮಾತ್ರ. ಗುಬ್ಬಿಯವರು ಊರಿನ ಮದುವೆಗಳಿಗೆಲ್ಲ ಚಿತ್ರವನ್ನೇ ಉಡುಗೊರೆ ಕೊಡತೊಡಗಿ, ಮನೆಯವರಿಂದ ಮಾತು ಕೇಳಿದ್ದಾರೆ. ದೊಡ್ಡಮ್ಮ ಕೊಡುವುದಿಲ್ಲ. ಹಾಳೆ ಒಣಗಿದ ಮೇಲೆ ಬೆನ್ನಿಗೆ ಪಂಚಾಂಗ ನೋಡಿ ತಿಥಿ ಬರೆದು, ಅಂದಿನ ಸಂಗತಿಯೊಂದನ್ನು ಒಂದೇ ಸಾಲಿನಲ್ಲಿ ಸೇರಿಸಿ, ಹಳೆಯ ಟ್ರಂಕಿನಲ್ಲಿಡುತ್ತಾರೆ. ಮೊನ್ನೆ ತಿರುವಿ ನೋಡಿದೆ. ‘ಸೌತೆಕಾಯಿ ಕಹಿ.’ ‘ಇವತ್ತು ಯಾರೂ ಬರಲಿಲ್ಲ.’ ‘ಕೆರೆ ಕೋಡಿ ಬಿತ್ತು, ಮಗು ಕರೆದುಕೊಂಡು ಹೋಗಿ ತೋರಿಸಿತು.’ ಈ ಕೊನೆಯದರಲ್ಲಿ ನೀರು ನೀಲಿಯಾಗಿಲ್ಲ; ಹೊಸ ನೀರಿನ ಕೆಮ್ಮಣ್ಣು ಬಣ್ಣ.